ಉಚಿತ ಕೋರ್ಸಿನಲ್ಲಿ ಬೀಗ ಎಲ್ಲಿದೆ?

ಎರಡು ವರ್ಷದ ಹಿಂದೆ ಸಂಖ್ಯಾಶಾಸ್ತ್ರವನ್ನು ಮತ್ತೆ ಮೊದಲಿಂದ ಕಲಿಯಬೇಕು ಅನ್ನಿಸಿತು. ಕಾಲೇಜಿನಲ್ಲಿ ಓದಿದ್ದೆಲ್ಲ ಮರೆತುಹೋಗಿತ್ತು. ಒಂದು ದೊಡ್ಡ ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ಕೋರ್ಸಿಗೆ ಹೆಸರು ಕೊಟ್ಟೆ. ಪಾಠ ಹೇಳುವವರು ತುಂಬಾ ಚೆನ್ನಾಗಿ ಹೇಳುತ್ತಿದ್ದರು. ಮೂರು ವಾರ ಒಂದು ದಿನವೂ ಬಿಡದೆ ವಿಡಿಯೊ ನೋಡಿದೆ. ಎಲ್ಲವೂ ತಲೆಗೆ ಹತ್ತುತ್ತಿದೆ ಅನ್ನಿಸುತ್ತಿತ್ತು. ಆಮೇಲೆ ಅಸೈನ್‌ಮೆಂಟ್ ಪುಟ ತೆರೆದೆ. ಅಲ್ಲೊಂದು ಪುಟ್ಟ ಬೀಗದ ಚಿತ್ರ ಇತ್ತು. ಹಣ ಕಟ್ಟಿದವರಿಗೆ ಮಾತ್ರ ಒಳಗೆ ಪ್ರವೇಶ.

ಆಗ ನನಗೆ ಅಷ್ಟೇನೂ ಬೇಸರವಾಗಲಿಲ್ಲ. ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ, ಕಲಿತರೆ ಸಾಕಿತ್ತು. ಉಳಿದ ವಿಡಿಯೊಗಳನ್ನು ನೋಡಿ ಮುಗಿಸಿದೆ. ಒಂದು ತಿಂಗಳು ಕಳೆದ ಮೇಲೆ ಕೆಲಸದಲ್ಲಿ ಒಂದು ಸಣ್ಣ ಲೆಕ್ಕ ಎದುರಾಯಿತು. ಕೋರ್ಸಿನಲ್ಲಿ ನೋಡಿದ್ದ ಲೆಕ್ಕವೇ. ಪೆನ್ನು ಹಿಡಿದು ಕೂತರೆ ಮೊದಲ ಸಾಲೂ ಬರಲಿಲ್ಲ. ಯಾವ ಸೂತ್ರ ಹಾಕಬೇಕು, ಯಾಕೆ ಹಾಕಬೇಕು, ಏನೂ ನೆನಪಿಲ್ಲ. ಪಾಠ ಮಾಡಿದವರ ಮುಖ, ಅವರು ಕೊಟ್ಟ ಉದಾಹರಣೆ ಮಾತ್ರ ಕಣ್ಣ ಮುಂದೆ ಇತ್ತು.

ಅವತ್ತಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ವಿಶ್ವವಿದ್ಯಾಲಯಗಳು ಉಚಿತವಾಗಿ ಕೊಡುತ್ತಿರುವುದು ಏನು? ತಮ್ಮ ಹತ್ತಿರ ಇಟ್ಟುಕೊಂಡಿರುವುದು ಏನು? ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿದೆ: ಪಾಠ ಉಚಿತ, ಸರ್ಟಿಫಿಕೇಟಿಗೆ ದುಡ್ಡು. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಪಾಠಕ್ಕೂ ಸರ್ಟಿಫಿಕೇಟಿಗೂ ನಡುವೆ ಇನ್ನೊಂದು ಇದೆ. ಅದು ಅಭ್ಯಾಸ. ಲೆಕ್ಕ ಮಾಡುವುದು, ತಪ್ಪುವುದು, ಎಲ್ಲಿ ತಪ್ಪಿತು ಅಂತ ಗೊತ್ತಾಗುವುದು, ಮತ್ತೆ ಮಾಡುವುದು. ಕಳೆದ ಹತ್ತು ವರ್ಷಗಳಲ್ಲಿ ಬೀಗ ಮೆಲ್ಲಗೆ ಸರಿದು ಬಂದು ಕೂತಿರುವುದು ಇದರ ಮೇಲೆ. ಅದು ಹೇಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾಗಿಲು ತೆರೆದ ಕಾಲ

2000ನೇ ಇಸವಿಯ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರ ಒಂದು ಸಮಿತಿ ಕೂತಿತ್ತು. ಇಂಟರ್ನೆಟ್ ಬಂದಿದೆ, ದೂರಶಿಕ್ಷಣದಲ್ಲಿ ನಾವೇನು ಮಾಡಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಆನ್‌ಲೈನ್ ಪಾಠದಿಂದ ಲಾಭ ಮಾಡಬಹುದು ಎಂದು ಬೇರೆ ವಿಶ್ವವಿದ್ಯಾಲಯಗಳು ಆಗ ಓಡಾಡುತ್ತಿದ್ದವು. ಎಂಐಟಿಯ ಸಮಿತಿ ಉಲ್ಟಾ ಸಲಹೆ ಕೊಟ್ಟಿತು. ಎಲ್ಲವನ್ನೂ ಸುಮ್ನೆ ಕೊಟ್ಟುಬಿಡೋಣ ಅಂದಿತು. 2001ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಇದನ್ನು ಜಗತ್ತಿಗೆ ತಿಳಿಸಿದರು. ಓಪನ್‌ಕೋರ್ಸ್‌ವೇರ್ ಹುಟ್ಟಿದ್ದು ಹೀಗೆ. 2002ರಲ್ಲಿ 50 ಕೋರ್ಸುಗಳಿಂದ ಶುರುವಾಯಿತು. ಈಗ ಅಲ್ಲಿ 2,500ಕ್ಕೂ ಜಾಸ್ತಿ ಕೋರ್ಸುಗಳಿವೆ.

ಆಗ ಕೊಟ್ಟಿದ್ದು ಏನು ಅನ್ನುವುದನ್ನು ಗಮನಿಸಿ. ಪಾಠದ ಟಿಪ್ಪಣಿ, ಓದಬೇಕಾದ ಪಟ್ಟಿ, ಮನೆಗೆಲಸದ ಲೆಕ್ಕಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಹಲವು ಕೋರ್ಸುಗಳಲ್ಲಿ ಅವುಗಳ ಉತ್ತರವೂ. ವಿಡಿಯೊ ಇದ್ದದ್ದು ಕೆಲವಕ್ಕೆ ಮಾತ್ರ. ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠಗಳು ಅಂಥವು. ಕಪ್ಪು ಹಲಗೆ, ಸೀಮೆಸುಣ್ಣ, ನಿಧಾನದ ಮಾತು, ಅಷ್ಟೇ. ಲಕ್ಷಾಂತರ ಜನ ಗಣಿತ ಕಲಿತದ್ದು ಆ ಹಲಗೆಯ ಮುಂದೆ. ಅವರು 2023ರಲ್ಲಿ, 88ರ ವಯಸ್ಸಿನಲ್ಲಿ, ಕೊನೆಯ ಪಾಠ ಮಾಡಿದರು. ಎಂಐಟಿ ಆಗ ಸರ್ಟಿಫಿಕೇಟ್ ಕೊಡಲಿಲ್ಲ, ಯಾರ ಉತ್ತರವನ್ನೂ ತಿದ್ದಲಿಲ್ಲ. ಆದರೆ ಅಭ್ಯಾಸ ಮಾಡಲು ಬೇಕಾದ ಸಾಮಾನೆಲ್ಲ ಇತ್ತು. ಹೆಸರು ನೋಂದಾಯಿಸುವ ಅಗತ್ಯವೂ ಇರಲಿಲ್ಲ. ಇವತ್ತಿಗೂ ಇಲ್ಲ.

ಮುಂದಿನ ಹೆಜ್ಜೆ ಬಿದ್ದದ್ದು 2008ರಲ್ಲಿ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ. ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಒಂದು ಕೋರ್ಸ್ ನಡೆಸಿದರು. ಫೀಸು ಕಟ್ಟಿದವರು 25ರ ಆಸುಪಾಸು. ಹೊರಗಿನಿಂದ ಉಚಿತವಾಗಿ ಸೇರಿಕೊಂಡವರು 2,000ಕ್ಕೂ ಹೆಚ್ಚು. 'ಮ್ಯಾಸಿವ್ ಓಪನ್ ಆನ್‌ಲೈನ್ ಕೋರ್ಸ್', ಅಂದರೆ ಮೂಕ್ ಎಂಬ ಹೆಸರು ಹುಟ್ಟಿದ್ದು ಆ ಕೋರ್ಸಿನ ಕಾರಣಕ್ಕೆ. ಅಲ್ಲಿ ಕಲಿಯುವವರು ಒಬ್ಬರಿಗೊಬ್ಬರು ಬರೆಯುತ್ತಿದ್ದರು, ಚರ್ಚಿಸುತ್ತಿದ್ದರು. ಕೋರ್ಸ್ ಅಂದರೆ ಆ ಮಾತುಕತೆಯೇ ಆಗಿತ್ತು.

ಜಗತ್ತು ಇತ್ತ ತಿರುಗಿ ನೋಡಿದ್ದು ಮಾತ್ರ 2011ರಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ತಮ್ಮ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಎಲ್ಲರಿಗೂ ತೆರೆದರು. ಸುಮಾರು 1,60,000 ಜನ ಹೆಸರು ಕೊಟ್ಟರು. ಅದೇ ಹೊತ್ತಿಗೆ ಆಂಡ್ರೂ ಎಂಗ್ ಅವರ ಮಷೀನ್ ಲರ್ನಿಂಗ್ ಕೋರ್ಸಿಗೂ ಒಂದು ಲಕ್ಷದಷ್ಟು ಜನ ಬಂದರು. 2012 ಒಂದೇ ವರ್ಷದಲ್ಲಿ ಇಂಥ ಕೋರ್ಸುಗಳನ್ನು ನಡೆಸುವ ಮೂರು ತಾಣಗಳು ಹುಟ್ಟಿದವು. ಥ್ರನ್ ಅವರ ಯುಡಾಸಿಟಿ ಬಂತು. ಎಂಗ್ ಮತ್ತು ಡ್ಯಾಫ್ನಿ ಕೊಲ್ಲರ್ ಕಟ್ಟಿದ ಕೋರ್ಸೆರಾ ಬಂತು. ಹಾರ್ವರ್ಡ್ ಮತ್ತು ಎಂಐಟಿ ತಲಾ 3 ಕೋಟಿ ಡಾಲರ್ ಹಾಕಿ ಕಟ್ಟಿದ ಎಡ್‌ಎಕ್ಸ್ ಬಂತು. ಇನ್ನು ಮೇಲೆ ಹುಟ್ಟಿದ ಊರು, ಅಪ್ಪನ ಸಂಬಳ ಯಾವುದೂ ಕಲಿಕೆಗೆ ಅಡ್ಡಿಯಾಗುವುದಿಲ್ಲ ಅಂತ ತುಂಬಾ ಜನ ನಂಬಿದರು. ನಾನೂ ನಂಬಿದ್ದೆ. ಆ ನಂಬಿಕೆ ಸುಳ್ಳು ಅಂತ ಈಗಲೂ ಹೇಳಲಾರೆ.

ಆ ದಿನಗಳಲ್ಲಿ ಎಲ್ಲರೂ ಹೇಳುತ್ತಿದ್ದ ಕತೆ ಮಂಗೋಲಿಯಾದ ಹುಡುಗನದ್ದು. ಎಂಐಟಿಯ ಸರ್ಕ್ಯೂಟ್ ಕೋರ್ಸನ್ನು 15ನೇ ವಯಸ್ಸಿಗೆ ತೆಗೆದುಕೊಂಡು ಪೂರ್ತಿ ಅಂಕ ಪಡೆದ. ಮುಂದೆ ಎಂಐಟಿಗೇ ಸೇರಿದ. ಇಂಟರ್ನೆಟ್ ಒಂದಿದ್ದರೆ ಸಾಕು, ಎಲ್ಲಿದ್ದರೂ ಪ್ರತಿಭೆ ಹೊರಬರುತ್ತದೆ ಅನ್ನಲು ಅವನನ್ನು ತೋರಿಸುತ್ತಿದ್ದರು. ಕತೆಯ ಇನ್ನರ್ಧವನ್ನು ಹೇಳುತ್ತಿದ್ದವರು ಕಡಿಮೆ. ಅವನ ಶಾಲೆಯ ಪ್ರಾಂಶುಪಾಲರು ಸ್ವತಃ ಎಂಐಟಿಯಲ್ಲಿ ಓದಿದವರು. ಶಾಲೆಯ ಮಕ್ಕಳಿಗಾಗಿ ಅವರು ಸ್ಟ್ಯಾನ್‌ಫರ್ಡ್‌ನಿಂದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯನ್ನು ಕರೆಸಿಕೊಂಡಿದ್ದರು. ಆತ ಪ್ರಯೋಗದ ಸಾಮಾನು ತಂದು, ಕೆಲವು ವಾರ ಅಲ್ಲೇ ಇದ್ದು, ಮಕ್ಕಳ ಕೈಯಲ್ಲಿ ಸರ್ಕ್ಯೂಟ್ ಕಟ್ಟಿಸಿದ. ಹುಡುಗನ ಬುದ್ಧಿ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವನಿಗೆ ಸಿಕ್ಕಿದ್ದು ವಿಡಿಯೊ ಒಂದೇ ಅಲ್ಲ.

ಅರ್ಧಕ್ಕೆ ಬಿಟ್ಟವರ ಲೆಕ್ಕ

ಅದೇ ಸರ್ಕ್ಯೂಟ್ ಕೋರ್ಸಿಗೆ ಹೆಸರು ಕೊಟ್ಟವರು ಸುಮಾರು 1,55,000. ಪಾಸಾದವರು 7,157. ಇಂಥ ಅಂಕಿಗಳು ಹೊರಬಂದಾಗ ಟೀಕೆ ಶುರುವಾಯಿತು. ನೂರಕ್ಕೆ ಐದು ಜನ ಕೂಡ ಮುಗಿಸದ ಕೋರ್ಸಿನಿಂದ ಏನು ಬಂತು ಎಂದು ಕೇಳಿದರು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜಸ್ಟಿನ್ ರೀಶ್ ಮತ್ತು ಹೊಸೆ ರುಯಿಪೆರೆಸ್ ವಲಿಯೆಂಟೆ ಬರೆದ ಲೇಖನ ಇನ್ನೂ ದೊಡ್ಡ ಚಿತ್ರ ಕೊಟ್ಟಿತು. ಹಾರ್ವರ್ಡ್ ಮತ್ತು ಎಂಐಟಿ 2012ರಿಂದ 2018ರವರೆಗೆ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ 1 ಕೋಟಿ 26 ಲಕ್ಷಕ್ಕೂ ಹೆಚ್ಚು ನೋಂದಣಿಗಳನ್ನು ಅವರು ನೋಡಿದ್ದರು. ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೋರ್ಸಿನ ಒಳಗೇ ಕಾಲಿಡಲಿಲ್ಲ. 2017–18ರಲ್ಲಿ ಮುಗಿಸಿದವರು ನೂರಕ್ಕೆ ಮೂವರು. ಹಣ ಕಟ್ಟಿದವರಲ್ಲಿ ಮುಗಿಸಿದವರು ನೂರಕ್ಕೆ 46.

ಈ ಅಂಕಿಯನ್ನು ಹಿಡಿದು ಜನ ಸೋಮಾರಿಗಳು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗ್ರಂಥಾಲಯಕ್ಕೆ ಹೋಗಿ ಹತ್ತು ಪುಸ್ತಕ ತಿರುವಿ ಹಾಕಿ ಒಂದನ್ನು ಓದುವವರನ್ನು ನಾವು ಹಾಗೆ ಅನ್ನುತ್ತೇವಾ? ಒಬ್ಬರಿಗೆ ಎರಡನೇ ವಾರದ ಒಂದು ವಿಷಯ ಸಾಕಿತ್ತು, ಅದು ಸಿಕ್ಕಿತು, ಹೋದರು. ಇನ್ನೊಬ್ಬರು ಇದು ತಮಗೆ ಹಿಡಿಸುತ್ತದಾ ಅಂತ ನೋಡಲು ಬಂದಿದ್ದರು. ಎಷ್ಟು ಜನ ಮುಗಿಸಿದರು ಅನ್ನುವುದಕ್ಕಿಂತ ಯಾರು ಮುಗಿಸಿದರು ಅನ್ನುವುದು ನನಗೆ ದೊಡ್ಡ ಪ್ರಶ್ನೆ.

ಅದಕ್ಕೆ ಸಿಕ್ಕ ಉತ್ತರ ಹಿತವಾಗಿಲ್ಲ. 2013ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಕೋರ್ಸೆರಾ ಕೋರ್ಸುಗಳಿಗೆ ಬಂದ ಸುಮಾರು 35,000 ಜನರನ್ನು ಕೇಳಿದರು. ನೂರಕ್ಕೆ 80ಕ್ಕೂ ಹೆಚ್ಚು ಜನರ ಹತ್ತಿರ ಆಗಲೇ ಒಂದು ಡಿಗ್ರಿ ಇತ್ತು. ಓದಿದವರೇ ಮತ್ತೆ ಓದಲು ಬಂದಿದ್ದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯ ಯುಡಾಸಿಟಿ ಜೊತೆ ಸೇರಿ ಇನ್ನೊಂದು ಕೆಲಸ ಮಾಡಿತ್ತು. ಗಣಿತದಲ್ಲಿ ಹಿಂದೆ ಬಿದ್ದಿದ್ದ ವಿದ್ಯಾರ್ಥಿಗಳನ್ನೂ ಆನ್‌ಲೈನ್ ಕೋರ್ಸಿಗೆ ಸೇರಿಸಿತ್ತು. ಹೆಚ್ಚಿನವರು ಪಾಸಾಗಲಿಲ್ಲ. ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಸಹಾಯ ಎಲ್ಲರಿಗಿಂತ ಹೆಚ್ಚು ಬೇಕಿದ್ದವರಿಗೆ ವಿಡಿಯೊ ಸಾಲಲಿಲ್ಲ.

ಅಂಥವರನ್ನು ಹಿಡಿದಿಡಲು ಸಣ್ಣ ಸಣ್ಣ ಉಪಾಯಗಳನ್ನೂ ಪ್ರಯತ್ನಿಸಿದರು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತು ಓದುತ್ತೀರಿ ಎಂದು ಶುರುವಿನಲ್ಲೇ ಬರೆಸುವುದು ಅಂಥ ಒಂದು ಉಪಾಯ. ಸುಮಾರು 250 ಕೋರ್ಸುಗಳಲ್ಲಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಇದನ್ನು ನೋಡಿ 2020ರಲ್ಲಿ ಪ್ರಕಟಿಸಿದರು. ಹಾಗೆ ಬರೆದವರು ಮೊದಲ ಕೆಲವು ವಾರ ಸ್ವಲ್ಪ ಹೆಚ್ಚು ತೊಡಗಿಕೊಂಡರು. ಕೋರ್ಸ್ ಮುಗಿಸಿದವರ ಸಂಖ್ಯೆ ಮಾತ್ರ ಏರಲಿಲ್ಲ.

ನೋಡುವುದು ಬೇರೆ, ಮಾಡುವುದು ಬೇರೆ

ಇಲ್ಲಿಗೆ ನನ್ನ ಸಂಖ್ಯಾಶಾಸ್ತ್ರದ ಕತೆಗೆ ವಾಪಸ್ ಬರುತ್ತೇನೆ. ಎಲ್ಲ ವಿಡಿಯೊ ನೋಡಿದ ಮೇಲೂ ಒಂದು ಸಾಲು ಬರೆಯಲು ಆಗಲಿಲ್ಲ ಯಾಕೆ?

2015ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಮನಶ್ಶಾಸ್ತ್ರದ ಒಂದು ಮೂಕ್ ಕೋರ್ಸನ್ನು ಎದುರಿಗಿಟ್ಟುಕೊಂಡು ಇದನ್ನೇ ಕೇಳಿದರು. ಅದು ಜಾರ್ಜಿಯಾ ಟೆಕ್ ನಡೆಸುತ್ತಿದ್ದ ಕೋರ್ಸ್. ಕೆಲವರು ವಿಡಿಯೊ ಮಾತ್ರ ನೋಡುತ್ತಿದ್ದರು. ಕೆಲವರು ಜೊತೆಗೆ ಕೊಟ್ಟಿದ್ದ ಅಭ್ಯಾಸಗಳನ್ನೂ ಮಾಡುತ್ತಿದ್ದರು. ಅಭ್ಯಾಸ ಅಂದರೆ ಪ್ರಶ್ನೆಗೆ ಉತ್ತರಿಸುವುದು, ತಪ್ಪಾದರೆ ಅಲ್ಲೇ ಸುಳಿವು ಸಿಗುವುದು, ಮತ್ತೆ ಪ್ರಯತ್ನಿಸುವುದು. ಇನ್ನಷ್ಟು ಅಭ್ಯಾಸ ಮಾಡುವುದಕ್ಕೂ ಕಲಿಕೆಗೂ ಇದ್ದ ನಂಟು, ಇನ್ನಷ್ಟು ವಿಡಿಯೊ ನೋಡುವುದಕ್ಕೂ ಕಲಿಕೆಗೂ ಇದ್ದ ನಂಟಿಗಿಂತ ಆರು ಪಟ್ಟು ಗಟ್ಟಿಯಾಗಿತ್ತು. ಓದುವುದಕ್ಕೆ ಹೋಲಿಸಿದರೂ ಅಭ್ಯಾಸವೇ ಬಹಳ ಮುಂದಿತ್ತು.

ಇದು ಆಶ್ಚರ್ಯದ ಸಂಗತಿಯೇನಲ್ಲ. ದಂಡೆಯಲ್ಲಿ ನಿಂತು ಈಜು ಕಲಿತವರಿಲ್ಲ. ಚೆನ್ನಾಗಿ ಪಾಠ ಹೇಳುವವರ ವಿಡಿಯೊದಲ್ಲಿ ಒಂದು ಅಪಾಯವೂ ಇದೆ. ಅವರು ದಾರಿಯಲ್ಲಿನ ಮುಳ್ಳನ್ನೆಲ್ಲ ತೆಗೆದುಹಾಕಿರುತ್ತಾರೆ. ಯಾವ ಸಾಲಿನ ನಂತರ ಯಾವ ಸಾಲು ಅಂತ ಅವರು ತೀರ್ಮಾನ ಮಾಡಿ ಆಗಿದೆ. ನಾವು ತಲೆದೂಗುತ್ತೇವೆ. ನಾವೇ ತೀರ್ಮಾನಿಸಬೇಕಾದಾಗ ಕೈ ನಿಂತುಹೋಗುತ್ತದೆ. ನನಗೆ ಆದದ್ದು ಅದೇ. ಎಡ್‌ಎಕ್ಸ್‌ನ ಲಕ್ಷಾಂತರ ವಿಡಿಯೊ ವೀಕ್ಷಣೆಗಳನ್ನು ಅಳೆದ 2014ರ ಒಂದು ಅಧ್ಯಯನ, ವಿಡಿಯೊ ಎಷ್ಟೇ ಉದ್ದವಿರಲಿ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಜಾಸ್ತಿ ಹೊತ್ತು ನೋಡುವುದಿಲ್ಲ ಎಂದು ತೋರಿಸಿತ್ತು. ಅಲ್ಲಿಂದ ಎಲ್ಲೆಡೆ ಪಾಠಗಳು ಚಿಕ್ಕದಾದವು, ಚೆಂದವಾದವು. ನಡುವೆ ಕೊಡುವ ಅಭ್ಯಾಸದ ಬಗ್ಗೆಯೂ ಅಷ್ಟೇ ಕಾಳಜಿ ಇರಬೇಕಿತ್ತು ಅನ್ನಿಸುತ್ತದೆ ನನಗೆ.

ಈಗ ಬೀಗದ ಕತೆಯನ್ನು ಇದರ ಪಕ್ಕ ಇಟ್ಟು ನೋಡಿ. ಶುರುವಿನ ವರ್ಷಗಳಲ್ಲಿ ಕೋರ್ಸ್ ಮುಗಿಸಿದವರಿಗೆ ಸರ್ಟಿಫಿಕೇಟ್ ಕೂಡ ಉಚಿತವಾಗಿ ಸಿಗುತ್ತಿತ್ತು. 2015ರ ಹೊತ್ತಿಗೆ ದೊಡ್ಡ ತಾಣಗಳಲ್ಲಿ ಅದು ನಿಂತಿತು. ಸರಿ, ಅಲ್ಲಿಯವರೆಗೆ ನನ್ನ ತಕರಾರಿಲ್ಲ. 2016ರ ಸುಮಾರಿಗೆ ಕೋರ್ಸೆರಾದ ಹಲವು ಕೋರ್ಸುಗಳಲ್ಲಿ ಅಂಕ ಕೊಡುವ ಅಸೈನ್‌ಮೆಂಟುಗಳು ಹಣ ಕಟ್ಟಿದವರಿಗೆ ಮಾತ್ರ ಎಂದಾಯಿತು. 2018ರ ಕೊನೆಗೆ ಎಡ್‌ಎಕ್ಸ್ ಕೂಡ ಅದೇ ದಾರಿ ಹಿಡಿಯಿತು. ಉಚಿತವಾಗಿ ಸೇರಿದವರಿಗೆ ಪಾಠ ನೋಡಲೂ ಕಾಲಮಿತಿ ಬಂತು. ಆಡಿಟ್ ಅಂತ ಕರೆಯುವ ಈ ಉಚಿತ ದಾರಿಯಲ್ಲಿ ಕೊನೆಗೆ ಉಳಿದದ್ದು ಹೆಚ್ಚಾಗಿ ವಿಡಿಯೊ ಮತ್ತು ಓದು. ಸಂಶೋಧನೆ ಯಾವುದನ್ನು ಆರು ಪಟ್ಟು ಅಂದಿತೋ ಅದು ಬೀಗದ ಆಚೆಗೆ ಹೋಯಿತು.

ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಒಂದು ಕೋರ್ಸ್ ಮಾಡಲು ಬಹಳ ಖರ್ಚಾಗುತ್ತದೆ. 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ ಒಂದೊಂದು ಕೋರ್ಸಿಗೆ ಸುಮಾರು 39,000 ಡಾಲರಿನಿಂದ 3,25,000 ಡಾಲರ್‌ವರೆಗೆ ಖರ್ಚಾಗಿತ್ತು. ಕ್ಯಾಮೆರಾ, ಎಡಿಟಿಂಗ್, ಪ್ರಾಧ್ಯಾಪಕರ ನೂರಾರು ಗಂಟೆ, ಪ್ರಶ್ನೆ ಬರೆಯುವ ಸಹಾಯಕರು, ಎಲ್ಲ ಸೇರಿ. ಈ ಹಣ ಎಲ್ಲಿಂದ ಬರಬೇಕು? ದಾನಿಗಳು ಎಷ್ಟು ದಿನ ಕೊಡುತ್ತಾರೆ? 2021ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸನ್ನು 80 ಕೋಟಿ ಡಾಲರಿಗೆ 2ಯು ಎಂಬ ಕಂಪನಿಗೆ ಮಾರಿದವು. ಅದೇ ವರ್ಷ ಕೋರ್ಸೆರಾ ಷೇರು ಮಾರುಕಟ್ಟೆಗೆ ಬಂತು. 2024ರ ಜುಲೈನಲ್ಲಿ 2ಯು ಸಾಲದ ಹೊರೆ ತಾಳಲಾರದೆ ದಿವಾಳಿ ಅರ್ಜಿ ಹಾಕಿತು. ವಿಶ್ವವಿದ್ಯಾಲಯಗಳು ಕಟ್ಟಿದ ಲಾಭರಹಿತ ಬಾಗಿಲು ಹೀಗೆ ಲಾಭ ಬೇಕಾದವರ ಕೈ ಸೇರಿತು. ಲಾಭ ಬೇಕಾದವರು ಜನಕ್ಕೆ ಯಾವುದು ಅನಿವಾರ್ಯವೋ ಅದಕ್ಕೇ ಬೆಲೆ ಕಟ್ಟುತ್ತಾರೆ.

ಆದರೆ ಖರ್ಚಿನ ಮಾತಿನಲ್ಲಿ ಒಂದು ವ್ಯತ್ಯಾಸವಿದೆ. ಮನುಷ್ಯರು ಕೂತು ಪ್ರಬಂಧ ತಿದ್ದಬೇಕಾದರೆ ಪ್ರತಿ ವಿದ್ಯಾರ್ಥಿಗೂ ಖರ್ಚಿದೆ. ಅದನ್ನು ಉಚಿತವಾಗಿ ಕೊಡಿ ಅನ್ನಲು ಆಗುವುದಿಲ್ಲ. ಯಂತ್ರವೇ ತಿದ್ದುವ ಕ್ವಿಜ್ ಹಾಗಲ್ಲ. ಒಮ್ಮೆ ಬರೆದಿಟ್ಟ ಮೇಲೆ ನೂರು ಜನ ಮಾಡಿದರೂ ಒಂದು ಲಕ್ಷ ಜನ ಮಾಡಿದರೂ ಖರ್ಚಿನಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಅದಕ್ಕೆ ಬೀಗ ಹಾಕಿರುವುದು ಖರ್ಚು ತಡೆಯಲಾರದೆ ಅಲ್ಲ. ಅದಿಲ್ಲದೆ ಜನ ಹಣ ಕಟ್ಟುವುದಿಲ್ಲ ಅನ್ನುವ ಕಾರಣಕ್ಕೆ. ಈ ತೀರ್ಮಾನ ನನಗೆ ತಪ್ಪು ಅನ್ನಿಸುತ್ತದೆ, ಅದರಲ್ಲೂ ಕೋರ್ಸಿನ ಮೇಲೆ ವಿಶ್ವವಿದ್ಯಾಲಯದ ಹೆಸರು ಇರುವಾಗ.

ಬೀಗ ಹಾಕದವರು

ಬೇರೆ ದಾರಿ ಇಲ್ಲ ಅನ್ನುವಂತಿಲ್ಲ. ಹಾರ್ವರ್ಡ್‌ನ ಡೇವಿಡ್ ಮಾಲನ್ ನಡೆಸುವ ಸಿಎಸ್50 ಕೋರ್ಸನ್ನೇ ನೋಡಿ. ಕಂಪ್ಯೂಟರ್ ವಿಜ್ಞಾನದ ಮೊದಲ ಕೋರ್ಸ್ ಅದು. ಅವರ ಸ್ವಂತ ತಾಣದಲ್ಲಿ ಪಾಠ, ವಾರದ ಲೆಕ್ಕಗಳು, ಬರೆದ ಕೋಡನ್ನು ತಾನಾಗಿ ಪರೀಕ್ಷಿಸಿ ಎಲ್ಲಿ ತಪ್ಪಿದೆ ಎಂದು ಹೇಳುವ ವ್ಯವಸ್ಥೆ, ಎಲ್ಲವೂ ತೆರೆದಿದೆ. ಎಲ್ಲ ಮುಗಿಸಿದರೆ ಅವರೇ ಒಂದು ಉಚಿತ ಸರ್ಟಿಫಿಕೇಟ್ ಕೊಡುತ್ತಾರೆ. ಎಡ್‌ಎಕ್ಸ್‌ನ ಪರಿಶೀಲಿತ ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಹಣ ಕಟ್ಟುತ್ತಾರೆ. ಅಂದರೆ ಬೀಗ ಅದು ಇರಬೇಕಾದ ಜಾಗದಲ್ಲೇ ಇದೆ.

ನನಗೆ ಇದಕ್ಕಿಂತಲೂ ಇಷ್ಟವಾಗುವುದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಕೆಲಸ. 2012ರಿಂದ ಅದು ಪ್ರೋಗ್ರಾಮಿಂಗ್ ಕೋರ್ಸನ್ನು ಎಲ್ಲರಿಗೂ ಉಚಿತವಾಗಿ ನಡೆಸುತ್ತಿದೆ. ಆ ಕೋರ್ಸಿನಲ್ಲಿ ವಿಡಿಯೊ ನೆಪಮಾತ್ರಕ್ಕೆ. ಓದಲು ಸ್ವಲ್ಪ, ಮಾಡಲು ರಾಶಿ ಅಭ್ಯಾಸ. ಒಂದೊಂದು ಅಭ್ಯಾಸವನ್ನೂ ಯಂತ್ರ ಆ ಕ್ಷಣಕ್ಕೆ ಪರೀಕ್ಷಿಸುತ್ತದೆ. ಈ ಕೋರ್ಸನ್ನು ಚೆನ್ನಾಗಿ ಮುಗಿಸಿದವರಿಗೆ ಡಿಗ್ರಿಗೆ ಪ್ರವೇಶ ಪಡೆಯುವ ದಾರಿಯನ್ನೂ ತೆರೆಯಿತು. ಪ್ರವೇಶ ಪರೀಕ್ಷೆಯ ಒಂದು ದಿನದ ಬದಲು ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ನೋಡಿ ಸೇರಿಸಿಕೊಳ್ಳುವುದು. ಎಷ್ಟು ಒಳ್ಳೆಯ ಯೋಚನೆ!

ಅದೇ ವಿಶ್ವವಿದ್ಯಾಲಯ 2018ರಲ್ಲಿ ಒಂದು ಕಂಪನಿಯ ಜೊತೆ ಸೇರಿ 'ಎಲಿಮೆಂಟ್ಸ್ ಆಫ್ ಎಐ' ಎಂಬ ಕೋರ್ಸ್ ಶುರುಮಾಡಿತು. ದೇಶದ ನೂರಕ್ಕೆ ಒಬ್ಬರಾದರೂ ಕೃತಕ ಬುದ್ಧಿಮತ್ತೆಯ ಮೂಲ ವಿಷಯಗಳನ್ನು ಕಲಿಯಲಿ ಎಂಬುದು ಗುರಿ. ಅಭ್ಯಾಸವೂ ಉಚಿತ, ಸರ್ಟಿಫಿಕೇಟೂ ಉಚಿತ. ಆಮೇಲೆ ಅದನ್ನು ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಿಗೆಲ್ಲ ತರುವ ಕೆಲಸ ನಡೆಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದಾರೆ. ಭಾಷೆಯೂ ಒಂದು ಬೀಗವೇ, ಅದನ್ನು ಅವರು ನೆನಪಿಟ್ಟುಕೊಂಡರು. ಜಗತ್ತಿನ ಹೆಸರಾಂತ ಕೋರ್ಸುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಸಬ್‌ಟೈಟಲ್ ಹಾಕಿದರೆ ಪಾಠ ಅರ್ಥವಾಗಬಹುದು. ಅಭ್ಯಾಸದ ಪ್ರಶ್ನೆ ಮತ್ತು ತಪ್ಪಿದಾಗ ಬರುವ ವಿವರಣೆ ಇಂಗ್ಲಿಷಿನಲ್ಲೇ ಉಳಿದರೆ ತೊಡಕು ಅಲ್ಲೇ ಉಳಿಯುತ್ತದೆ.

ಭಾರತದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸುಗಳ ಯೋಜನೆ ಇನ್ನೊಂದು ಮಾದರಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರುಮಾಡಿದ್ದು. ಪಾಠವೂ ಉಚಿತ, ವಾರವಾರದ ಅಸೈನ್‌ಮೆಂಟೂ ಉಚಿತ. ಸರ್ಟಿಫಿಕೇಟ್ ಬೇಕಿದ್ದವರು ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯುತ್ತಾರೆ. ಎಂಐಟಿಯ ಅರ್ಥಶಾಸ್ತ್ರ ವಿಭಾಗವೂ ಹೀಗೊಂದು ದಾರಿ ಮಾಡಿದೆ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಮುಂದಾಗಿ ರೂಪಿಸಿದ ಅಭಿವೃದ್ಧಿ ಅರ್ಥಶಾಸ್ತ್ರದ ಮೈಕ್ರೊಮಾಸ್ಟರ್ಸ್ ಅದು, ಅಂದರೆ ಮಾಸ್ಟರ್ಸ್ ಮಟ್ಟದ ಕೆಲವು ಆನ್‌ಲೈನ್ ಕೋರ್ಸುಗಳ ಒಂದು ಕಟ್ಟು. ಕಲಿಯಲು ಹಣ ಬೇಡ. ಸರ್ಟಿಫಿಕೇಟಿನ ದಾರಿಗೆ ಹೋಗುವವರು ತಮ್ಮ ಆದಾಯಕ್ಕೆ ತಕ್ಕ ಶುಲ್ಕ ಕಟ್ಟುತ್ತಾರೆ. ಅದನ್ನು ಮುಗಿಸಿದವರು ಎಂಐಟಿಯ ಮಾಸ್ಟರ್ಸ್ ಪದವಿಗೇ ಅರ್ಜಿ ಹಾಕಬಹುದು. ಅದಕ್ಕೆ ಮೊದಲೇ ಒಂದು ಡಿಗ್ರಿ ಇರಬೇಕು ಎಂಬ ನಿಯಮವೂ ಇಲ್ಲ.

ಯಂತ್ರ ಉತ್ತರ ಬರೆಯುವ ಕಾಲದಲ್ಲಿ

ಇತ್ತೀಚೆಗೆ ಈ ಚರ್ಚೆಗೆ ಹೊಸ ತಿರುವು ಬಂದಿದೆ. ಚಾಟ್‌ಬಾಟ್‌ಗಳು ಬಂದ ಮೇಲೆ ಯಾವ ಆನ್‌ಲೈನ್ ಕ್ವಿಜ್ ಆದರೂ ಅರೆಗಳಿಗೆಯಲ್ಲಿ ಉತ್ತರ ಸಿಗುತ್ತದೆ. ಹಾಗಾಗಿ ಮನೆಯಲ್ಲಿ ಕೂತು ಗಳಿಸಿದ ಸರ್ಟಿಫಿಕೇಟಿನ ಮೇಲೆ ಕೆಲಸ ಕೊಡುವವರಿಗೆ ನಂಬಿಕೆ ಉಳಿಯುವುದು ಕಷ್ಟ. ಎದುರಿಗೆ ಕೂರಿಸಿ ನಡೆಸುವ ಪರೀಕ್ಷೆಗೆ ಬೆಲೆ ಹೆಚ್ಚಲಿದೆ ಅಂತ ನನ್ನ ಅಂದಾಜು. ಆದರೆ ಅಭ್ಯಾಸದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಲೆಕ್ಕವನ್ನು ಯಂತ್ರಕ್ಕೆ ಕೊಟ್ಟು ಉತ್ತರ ಅಂಟಿಸಿದವರಿಗೆ ಅಂಕ ಬರುತ್ತದೆ. ಮುಂದಿನ ಲೆಕ್ಕ ಬಂದಾಗ ಅವರು ನನ್ನ ಹಾಗೇ ಪೆನ್ನು ಹಿಡಿದು ಕೂರಬೇಕಾಗುತ್ತದೆ.

ಸರಿಯಾಗಿ ಬಳಸಿದರೆ ಇದೇ ಯಂತ್ರದಿಂದ ದೊಡ್ಡ ಉಪಕಾರವೂ ಇದೆ. ಸಿಎಸ್50 ತಂಡ 2023ರಲ್ಲಿ ತನ್ನ ವಿದ್ಯಾರ್ಥಿಗಳಿಗೆ ಒಂದು ಸಹಾಯಕನನ್ನು ಕೊಟ್ಟಿತು. ಬಾತುಕೋಳಿಯ ಚಿತ್ರವಿರುವ ಚಾಟ್‌ಬಾಟ್ ಅದು. ಪ್ರೋಗ್ರಾಮರ್‌ಗಳಲ್ಲಿ ಹಳೆಯ ಒಂದು ರೂಢಿ ಇದೆ. ಕೋಡ್ ಕೈಕೊಟ್ಟಾಗ ಮೇಜಿನ ಮೇಲಿನ ರಬ್ಬರ್ ಬಾತುಕೋಳಿಗೆ ಅದನ್ನು ಸಾಲು ಸಾಲಾಗಿ ವಿವರಿಸುವುದು. ಹೇಳುತ್ತಾ ಹೇಳುತ್ತಾ ತಪ್ಪು ತಾನೇ ಕಾಣುತ್ತದೆ. ಈ ಬಾತುಕೋಳಿ ತಿರುಗಿ ಮಾತಾಡುತ್ತದೆ. ಆದರೆ ನೇರವಾಗಿ ಉತ್ತರ ಕೊಡುವುದಿಲ್ಲ. ನೀನು ಇಲ್ಲಿ ಏನು ಅಂದುಕೊಂಡೆ ಅಂತ ಕೇಳುತ್ತದೆ, ದಾರಿ ತೋರಿಸುತ್ತದೆ. ಇಷ್ಟು ವರ್ಷ ಉಚಿತ ಕೋರ್ಸಿನಲ್ಲಿ ಇಲ್ಲದೇ ಇದ್ದದ್ದು ಪಕ್ಕದಲ್ಲಿ ಕೂತು ಕೇಳುವ ಒಬ್ಬರು. ಅದರ ಒಂದು ಪಾಲನ್ನಾದರೂ ಇದು ತುಂಬಬಹುದು. ತಾಣಗಳು ಇದನ್ನೂ ಹಣ ಕಟ್ಟಿದವರಿಗೆ ಮಾತ್ರ ಇಟ್ಟರೆ ಏನಾಗುತ್ತದೆ ಎಂಬ ಆತಂಕ ನನಗಿದೆ.

ಹೆಸರು ಕೊಡುವ ಮೊದಲು

ಕೋರ್ಸಿಗೆ ಸೇರಬೇಕು ಅಂದುಕೊಂಡವರು ಮೊದಲ ವಾರದ ಚೆಂದದ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಸೇರಿದ ತಕ್ಷಣ ಮೂರನೇ ವಾರದ ಅಭ್ಯಾಸದ ಪುಟಕ್ಕೆ ಹೋಗಿ. ಅದು ತೆರೆದಿದೆಯಾ? ತಪ್ಪು ಉತ್ತರ ಕೊಟ್ಟರೆ ಯಾಕೆ ತಪ್ಪು ಅಂತ ಹೇಳುತ್ತದೆಯಾ? ಕೋರ್ಸ್ ಮುಚ್ಚುವ ದಿನಾಂಕ ಇದೆಯಾ? ಕೆಲವು ತಾಣಗಳಲ್ಲಿ ಆರ್ಥಿಕ ನೆರವಿಗೆ ಅರ್ಜಿ ಹಾಕುವ ಅವಕಾಶವಿದೆ. ಅದು ಸಾಮಾನ್ಯವಾಗಿ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಾಕಲು ಸಂಕೋಚ ಬೇಡ. ಅದು ಇರುವುದೇ ಅದಕ್ಕೆ.

ಅಭ್ಯಾಸಕ್ಕೆ ಬೀಗ ಬಿದ್ದಿದ್ದರೆ ಕೋರ್ಸನ್ನೇ ಬಿಡಬೇಕಾಗಿಲ್ಲ. ಪಾಠ ಒಂದು ಕಡೆಯಿಂದ, ಲೆಕ್ಕ ಇನ್ನೊಂದು ಕಡೆಯಿಂದ ತರಬಹುದು. ಮೂಲ ವಿಷಯಗಳು ಎಲ್ಲ ವಿಶ್ವವಿದ್ಯಾಲಯದಲ್ಲೂ ಹೆಚ್ಚುಕಡಿಮೆ ಒಂದೇ. ಕ್ಯಾಲ್ಕುಲಸ್ ಅಲ್ಲಿಗೊಂದು ಇಲ್ಲಿಗೊಂದು ಇರುವುದಿಲ್ಲ. ವಿಡಿಯೊ ನಿಲ್ಲಿಸಿ, ಮುಂದಿನ ಸಾಲು ಏನಿರಬಹುದು ಎಂದು ಕಾಗದದ ಮೇಲೆ ಬರೆದು, ಆಮೇಲೆ ಮುಂದೆ ನೋಡಿದರೂ ಅರ್ಧ ಅಭ್ಯಾಸವಾಯಿತು. ಜೊತೆಗೆ ಓದುವ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಫೋನಿನಲ್ಲಿ ಒಬ್ಬರಿಗೊಬ್ಬರು ಪಾಠ ಒಪ್ಪಿಸಿದರೂ ಸಾಕು.

ವಿಶ್ವವಿದ್ಯಾಲಯಗಳಿಗೆ ಕೇಳುವುದು ನನ್ನದು ಒಂದೇ ಮಾತು. ಸರ್ಟಿಫಿಕೇಟಿಗೆ ಹಣ ತೆಗೆದುಕೊಳ್ಳಿ, ಮನುಷ್ಯರು ತಿದ್ದುವ ಕೆಲಸಕ್ಕೂ ತೆಗೆದುಕೊಳ್ಳಿ. ಯಂತ್ರ ತಿದ್ದುವ ಅಭ್ಯಾಸಗಳನ್ನು ಮಾತ್ರ ತೆರೆದಿಡಿ. ತಾಣದವರ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೇ ಅದನ್ನು ಬರೆಸಿ. ಅದಕ್ಕೆ ತಾಣದವರು ಒಪ್ಪದಿದ್ದರೆ ಅವೇ ಪ್ರಶ್ನೆಗಳನ್ನು ಉತ್ತರದ ಸಮೇತ ನಿಮ್ಮ ಸ್ವಂತ ಪುಟದಲ್ಲಿ ಹಾಕಿ.

ನಾನು ಸಂಖ್ಯಾಶಾಸ್ತ್ರವನ್ನು ಕೊನೆಗೆ ಕಲಿತದ್ದು ಹಾಗೆ ಹಾಕಿಟ್ಟ ಪುಟಗಳಿಂದ. ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಇದೆ, 2014ರದ್ದು. ಅದರ ಲೆಕ್ಕಗಳೂ ಉತ್ತರಗಳೂ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಮೊದಲ ಕಂತಿನ ಲೆಕ್ಕಗಳಿಗೆ ನನಗೆ ಎರಡು ಸಂಜೆ ಬೇಕಾಯಿತು. ಅರ್ಧ ತಪ್ಪಿದ್ದವು. ಉತ್ತರ ಇಟ್ಟುಕೊಂಡು ಎಲ್ಲಿ ತಪ್ಪಿತು ಅಂತ ಹುಡುಕಿದೆ, ಮಾರನೇ ದಿನ ಉತ್ತರ ಮುಚ್ಚಿಟ್ಟು ಮತ್ತೆ ಮಾಡಿದೆ. ನಾಲ್ಕನೇ ಕಂತಿನ ಹೊತ್ತಿಗೆ, ಕೆಲಸದಲ್ಲಿ ನನ್ನನ್ನು ನಿಲ್ಲಿಸಿದ್ದ ಆ ಸಣ್ಣ ಲೆಕ್ಕ ಮತ್ತೆ ಬಂದಾಗ, ಪೆನ್ನು ತಾನಾಗಿ ಹೊರಟಿತು.